ವಿಪ್ರಲಂಭಗೀತವೂ ಬಾನುಲಿಯ ನಿಷೇಧವೂ: ಕಲ್ಯಾಣ–ಹುಮನಾಬಾದ ಸೀಮೆಯನ್ನು ಕುರಿತು ಒಂದು ವಿಚಾರ

೧

ಜನರು ತಮ್ಮಷ್ಟಕ್ಕೆ ಹಾಡಿಕೊಳ್ಳುವ ಹಾಡುಗಳಲ್ಲಿ ಅಗಲಿಕೆಯ ಹಾಡಿಗಿರುವ ಬಾಳಿಕೆಯು ಬೇರೆ ಹಾಡುಗಳಿಗೆ ವಿರಳವೆಂಬುದು ಸಾಹಿತ್ಯಜ್ಞರಿಗೆ ತಿಳಿದ ಸಂಗತಿಯೇ ಸರಿ. ಆಳುವವರು ಅಂಜುವ ಹಾಡುಗಳಲ್ಲಿಯೂ ಅದು ಸೇರಿದೆಯೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ರಾಜಕೀಯವಾದ ಹಾಡನ್ನು ಸರಕಾರವು ತಡೆದರೆ ಅದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಿಜಾಮರ ರಾಜ್ಯದಲ್ಲಿ ೧೯೩೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಂದೇಮಾತರಂ ಹಾಡಿದುದಕ್ಕಾಗಿ ಹೊರಹಾಕಲ್ಪಟ್ಟುದನ್ನು ನಾವು ಬಲ್ಲೆವು. ಅಲ್ಲಿ ಹಾಡಿಗೂ ಅಧಿಕಾರಕ್ಕೂ ನೇರವಾದ ವಿರೋಧವಿದ್ದಿತು. ಆದರೆ ಒಬ್ಬಳು ಕಳೆದುಹೋದ ತನ್ನ ಪ್ರಿಯನನ್ನು ನೆನೆದು ಹಾಡಿದರೆ ರಾಜ್ಯಕ್ಕೆ ಬರುವ ಕೇಡಾವುದು? ಅಂಥ ಹಾಡನ್ನು ತಡೆಯುವವರು ನಿಜವಾಗಿ ತಡೆಯುವುದಾದರೂ ಏನನ್ನು?

ಇಪ್ಪತ್ತನೆಯ ಶತಮಾನದಲ್ಲಿ ಬಾನುಲಿಯು ಬಂದ ತರುವಾಯ ಈ ಪ್ರಶ್ನೆಯು ಮೊದಲು ಲಂಡನ್ನಿನಲ್ಲಿಯೂ ಆಮೇಲೆ ಬೇರೊಂದು ರೂಪದಲ್ಲಿ ದಿಲ್ಲಿಯಲ್ಲಿಯೂ ಎದ್ದಿತು. ಇದನ್ನು ವಿಚಾರಿಸಲು ಬೀದರ ಜಿಲ್ಲೆಯ ಬಸವಕಲ್ಯಾಣ ಹುಮನಾಬಾದಗಳ ಸೀಮೆಯನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಯಾವ ಹಾಡನ್ನು ಎಲ್ಲಿ ಹಾಡಬೇಕೆಂಬುದನ್ನು ಒಬ್ಬ ಅರಸನು ತಾನೇ ಗ್ರಂಥಸ್ಥಗೊಳಿಸಿದುದು ಈ ಕಲ್ಯಾಣದಲ್ಲಿ. ಎರಡನೆಯದಾಗಿ, ಕನ್ನಡ, ಮರಾಠಿ, ದಖನಿ ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನಾಡಿಗೆ ಯಾವ ಭಾಷೆಯ ಹಾಡೂ ಪೂರ್ತಿ ಹೊರಗಿನದಲ್ಲ. ಆದುದರಿಂದ ಬಾನುಲಿಯ ನಿಷೇಧವು ಕೇಳುಗನಿಗೆ ಹೇಗೆ ತಟ್ಟಿತೆಂಬುದನ್ನು ಇಲ್ಲಿಂದ ನೋಡುವುದು ಯುಕ್ತವಾಗಿದೆ.

೨

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸರ್ವಜ್ಞಚಕ್ರವರ್ತಿಯೆಂದು ಹೆಸರಾದವನು. ಅವನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು, ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ಯು, ಐದು ವಿಂಶತಿಗಳಾಗಿ ನೂರು ಅಧ್ಯಾಯಗಳಲ್ಲಿ ಹರಡಿದೆ. ರಾಜ್ಯವನ್ನು ಪಡೆಯುವ ಮತ್ತು ಸ್ಥಿರಗೊಳಿಸುವ ಬಗೆಯಿಂದ ಮೊದಲುಗೊಂಡು ಅಡುಗೆ, ಆನೆ, ಚಿತ್ರಕಲೆಗಳವರೆಗೆ ಅದರಲ್ಲಿ ವಿಷಯವಾಗದ ವಸ್ತುವೇ ಕಡಿಮೆ. ಅದರ ವಿನೋದವಿಂಶತಿಯಲ್ಲಿ ಗೀತವಿನೋದಕ್ಕೆ ಒಂದು ಅಧ್ಯಾಯವು ಮೀಸಲಾಗಿದೆ. ದೇಶಭಾಷೆಗಳ ಪದ್ಯಗಳನ್ನೂ ಅರಸನು ಅಲ್ಲಿ ಉದಾಹರಣೆಗಾಗಿ ಎತ್ತಿಕೊಂಡಿರುವನು.

ನಮ್ಮ ವಿಚಾರಕ್ಕೆ ಮುಖ್ಯವಾದುದು ಅಲ್ಲಿಯ ಸ್ಥಾನನಿರ್ದೇಶವು. ಕಥೆ ಹೇಳುವಲ್ಲಿ ಷಟ್ಪದಿಯೂ, ಮದುವೆಯಲ್ಲಿ ಧವಳವೂ, ಉತ್ಸವದಲ್ಲಿ ಮಂಗಳವೂ ಸಲ್ಲತಕ್ಕವು, ಚರ್ಯಾಗೀತವು ಯೋಗಿಗಳಿಗೆ, ಓವಿಯು ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡತಕ್ಕದ್ದು. ತ್ರಿಪದಿಗೆ ಅವನು ಕೊಟ್ಟಿರುವ ಸ್ಥಾನಗಳು ಎರಡು: ಒಂದು ಕುಟ್ಟುವ ಕೆಲಸ, ಇನ್ನೊಂದು ವಿಪ್ರಲಂಭ, ಅಂದರೆ ಅಗಲಿದವರ ಶೃಂಗಾರ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ನಮಗೆ ಪರಿಚಿತವಾದ ಅಚ್ಚಗನ್ನಡದ ಈ ಮಟ್ಟು ಚಕ್ರವರ್ತಿಯ ಗ್ರಂಥದಲ್ಲಿ ಒನಕೆಗೂ ವಿರಹಕ್ಕೂ ಒಟ್ಟಿಗೆ ಸೇರಿರುವುದು ಆಕಸ್ಮಿಕವೆನ್ನಲಾಗದು. ಕೈ ಕೆಲಸದಲ್ಲಿ ತೊಡಗಿದಾಗ ಮನಸ್ಸಿನ ನೋವು ನಾಲಗೆಗೆ ಬರುವುದೆಂಬ ಲೋಕಾನುಭವವನ್ನು ಅರಸನು ಕಂಡು ಬರೆದಂತಿದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಸೋಮೇಶ್ವರನನ್ನು ಇಂದಿನ ಅರ್ಥದಲ್ಲಿ ಉದಾರಿಯೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಹಾಡುಗಳನ್ನು ವಿಂಗಡಿಸುವುದು ಕೂಡ ಅಧಿಕಾರದ ಒಂದು ರೂಪವೇ ಆಗಿದೆ. ಆದರೆ ವಿಂಗಡಿಸುವವನು ಪ್ರತಿಯೊಂದಕ್ಕೂ ಒಂದು ಎಡೆಯನ್ನು ತೋರಿಸಬೇಕಾಗುತ್ತದೆ. ನಿಷೇಧಿಸುವವನಿಗೆ ಆ ಹೊಣೆಯಿಲ್ಲ. ಈ ಭೇದವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು. ಸೋಮೇಶ್ವರನ ಮಗನಾದ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯನ್ನು ಬರೆದನು. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ತನ್ನ ಪೂರ್ವಾಚಾರ್ಯರ ಪಟ್ಟಿಯಲ್ಲಿ ಇಬ್ಬರನ್ನೂ ಸ್ಮರಿಸಿದನು. ಹೀಗೆ ಕಲ್ಯಾಣದ ಮಾತು ದಕ್ಷಿಣಾಪಥದ ಸಂಗೀತಶಾಸ್ತ್ರದಲ್ಲಿ ನೆಲೆಗೊಂಡಿತು.

೩

ಅರಸನು ತೋರಿಸಿದ ಎಡೆಯನ್ನು ಈ ನಾಡಿನ ಜನರು ಬರಿದಾಗಿ ಬಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿಯು ಇದೇ ಕಲ್ಯಾಣಕ್ಕೆ ಬಂದಳು. ಅವಳ ವಚನಗಳಲ್ಲಿ ವಿರಹವು ಲೌಕಿಕ ಪತಿಯನ್ನು ಬಿಟ್ಟು ಚೆನ್ನಮಲ್ಲಿಕಾರ್ಜುನನ ಕಡೆಗೆ ತಿರುಗಿತು. ಆದರೆ ಭಾಷೆಯು ಹೆಣ್ಣಿನ ಅಗಲಿಕೆಯ ಭಾಷೆಯೇ ಆಗಿ ಉಳಿಯಿತು. ಏಳು ಶತಮಾನಗಳ ತರುವಾಯ, ೧೮೧೭ರಲ್ಲಿ, ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಮಾಣಿಕಪ್ರಭುಗಳು ಜನಿಸಿದರು. ಅವರು ೧೮೪೫ರಲ್ಲಿ ಹುಮನಾಬಾದದ ಮಗ್ಗುಲಿಗೆ ಮಾಣಿಕನಗರವನ್ನು ನೆಲೆಗೊಳಿಸಿ ೧೮೬೫ರಲ್ಲಿ ಸಮಾಧಿಸ್ಥರಾದರು. ಮರಾಠಿ, ಹಿಂದಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಅವರ ಪದಗಳಿವೆ. ಅವರ ಸಂಸ್ಥಾನವು ಸಕಲಮತವೆಂಬ ಹೆಸರಿನಿಂದ ಹಿಂದೂ ಮುಸಲ್ಮಾನರಿಬ್ಬರನ್ನೂ ಬರಮಾಡಿಕೊಂಡಿತು; ಹಿಂದೂಸ್ತಾನಿ ಸಂಗೀತಗಾರರಿಗೆ ಆಶ್ರಯವಾಯಿತು.

ಇದಲ್ಲದೆ ಮೊಹರಮ್ಮಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಗರು ಹಾಡುವ ರಿವಾಯತ ಪದಗಳಿವೆ. ಕರ್ಬಲೆಯ ಶೋಕವು ಅವುಗಳಲ್ಲಿ ಕನ್ನಡದ ಮಟ್ಟಿನಲ್ಲಿ ಹರಿದಿದೆ. ಅವುಗಳನ್ನು ಹಾಡುವವರಲ್ಲಿ ಹಿಂದೂಗಳೂ ಸೇರಿದ್ದಾರೆ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಂತೂ ಎಲ್ಲರಿಗೂ ಗೊತ್ತಿದ್ದವೇ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ, ಸೋಮೇಶ್ವರನು ಹೇಳಿದ ಕುಟ್ಟುವ ಕೆಲಸವೂ ಮನಸ್ಸಿನ ನೋವೂ ಒಂದೇ ಮಟ್ಟಿನಲ್ಲಿ ಎಂಟು ಶತಮಾನಗಳ ಮೇಲೆಯೂ ಜೊತೆಯಾಗಿ ಬಾಳುತ್ತಿದ್ದುದು ಓದುಗರ ಕಣ್ಣಿಗೆ ಬಿದ್ದಿತು. ಹೀಗೆ ದೇವರ ವಿರಹ, ಹುತಾತ್ಮರ ಶೋಕ, ಮನೆಯ ಹೆಣ್ಣಿನ ಅಳಲು ಈ ಮೂರಕ್ಕೂ ಈ ನಾಡಿನಲ್ಲಿ ಹಾಡುಗಳಿದ್ದವು. ಹಾಡುವ ಹೊತ್ತೂ ಗೊತ್ತಾಗಿದ್ದಿತು. ಬಾನುಲಿಯು ಬಂದಾಗ ಇಲ್ಲಿಯ ಕೇಳುಗನ ಕಿವಿಯು ಹೀಗೆ ಸಿದ್ಧವಾಗಿದ್ದಿತೆಂಬುದನ್ನು ಮರೆಯಬಾರದು.

೪

ಇನ್ನು ಲಂಡನ್ನಿನ ಪ್ರಕರಣವನ್ನು ನೋಡುವ. ಬಾನುಲಿಯು ಶೋಕವನ್ನು ಶೋಕವೆಂಬ ಕಾರಣಕ್ಕಾಗಿಯೇ ತಡೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯುವುದು ಕಷ್ಟ.

ಹಂಗೇರಿಯ ಪಿಯಾನೋವಾದಕನಾದ ರೆಜ್ಜೋ ಸೆರೆಶನು ಸ್ವರ ಕೂಡಿಸಿದ ಒಂದು ಹಾಡು ೧೯೩೩ರಲ್ಲಿ ಪ್ರಕಟವಾಯಿತು. ಲಾಸ್ಲೋ ಯಾವೋರನೆಂಬ ಕವಿಯು ಅದಕ್ಕೆ ಬರೆದ ಮಾತುಗಳು ಪ್ರಸಿದ್ಧವಾದವು. ಪ್ರಿಯೆಯನ್ನು ಕಳೆದುಕೊಂಡವನು ಮರಣವನ್ನೇ ಬಯಸುವುದು ಅದರ ವಸ್ತು. ಇಂಗ್ಲಿಷಿನಲ್ಲಿ ಅದು ‘ಗ್ಲೂಮಿ ಸಂಡೇ’, ಎಂದರೆ ವಿಷಣ್ಣವಾದ ಭಾನುವಾರ, ಎಂಬ ಹೆಸರಿನಿಂದ ಹರಡಿತು. ಇಂಗ್ಲಿಷಿನಲ್ಲಿ ಅದಕ್ಕೆ ಮಾತು ಬರೆದವರಲ್ಲೊಬ್ಬನಾದ ಸ್ಯಾಮ್ ಲೂಯಿಸನು ಕೊನೆಗೆ ಇನ್ನೊಂದು ನುಡಿಯನ್ನು ಕೂಡಿಸಿ, ಹಿಂದೆ ಹೇಳಿದುದೆಲ್ಲವೂ ಕನಸೆಂದು ಮಾಡಿದನು. ಅಮೇರಿಕೆಯ ಗಾಯಿಕೆಯಾದ ಬಿಲ್ಲಿ ಹಾಲಿಡೇಯು ೧೯೪೧ರಲ್ಲಿ ಹಾಡಿದ ಧ್ವನಿಮುದ್ರಿಕೆಯಲ್ಲಿ ಈ ಕನಸಿನ ನುಡಿಯೂ ಇದೆ.

ಹಾಡಿನ ಸುತ್ತಲೂ ಸಾವಿನ ದಂತಕಥೆಗಳು ಬೆಳೆದವು. ಹಾಡಿಗೂ ಆ ಮರಣಗಳಿಗೂ ಕಾರ್ಯಕಾರಣ ಸಂಬಂಧವು ಸಿದ್ಧವಾಗಿಲ್ಲ. ಬಹಳಷ್ಟು ಕಥೆಗಳು ವರ್ತಮಾನಪತ್ರಗಳ ಉತ್ಪ್ರೇಕ್ಷೆಗಳು. ಆದರೂ ಬ್ರಿಟಿಷ್ ಬಾನುಲಿ ಸಂಸ್ಥೆಯಾದ ಬಿಬಿಸಿಯು ಯುದ್ಧಕಾಲದಲ್ಲಿ ಜನರ ಧೈರ್ಯವು ಕುಗ್ಗೀತೆಂಬ ಕಾರಣದಿಂದ ಹಾಲಿಡೇಯು ಹಾಡಿದ ಹಾಡನ್ನು ಪ್ರಸಾರದಿಂದ ತೆಗೆದುಹಾಕಿತು. ಮಾತಿಲ್ಲದ ವಾದ್ಯರೂಪಕ್ಕೆ ಮಾತ್ರ ಅನುಮತಿಯಿದ್ದಿತು. ಈ ನಿಷೇಧವು ೨೦೦೨ರವರೆಗೂ ಉಳಿಯಿತು. ಇದು ಒಂಟಿಯಾದ ಘಟನೆಯೂ ಅಲ್ಲ. ೧೯೪೨ರಲ್ಲಿ ಅದೇ ಸಂಸ್ಥೆಯು ಅತಿಭಾವುಕವಾದ ಹಾಡುಗಳನ್ನೂ ಗಂಡಸರು ಮೆಲುದನಿಯಲ್ಲಿ ಹಲುಬುವ ರೀತಿಯನ್ನೂ ದೂರವಿಡುವ ನೀತಿಯನ್ನು ಸಾರಿ, ಅದನ್ನು ನಡೆಸಲು ಒಂದು ಸಮಿತಿಯನ್ನು ಇರಿಸಿಕೊಂಡಿತು.

ನಮ್ಮ ಅಲಂಕಾರಶಾಸ್ತ್ರದ ಅಳತೆಗೋಲಿನಿಂದ ಈ ಪ್ರಕರಣವನ್ನು ಅಳೆದರೆ ಒಂದು ಸೂಕ್ಷ್ಮವು ಹೊರಪಡುತ್ತದೆ. ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಕರುಣವು ನಿರಪೇಕ್ಷ, ಮತ್ತೆ ಕೂಡುವ ಆಸೆಯು ಅಲ್ಲಿ ಅಳಿದಿದೆ. ವಿಪ್ರಲಂಭವು ಸಾಪೇಕ್ಷ, ಕಣ್ಣೀರಿನ ಹಿಂದೆ ನಿರೀಕ್ಷೆಯಿದೆ. ಯಾವೋರನ ಹಾಡು ಕರುಣದ್ದು. ಲೂಯಿಸನ ಕನಸಿನ ನುಡಿಯು ಅದನ್ನು ಕರುಣದಿಂದ ಎತ್ತಿ ವಿಪ್ರಲಂಭದ ಹೊಸ್ತಿಲಿಗೆ ತಂದು ನಿಲ್ಲಿಸಿತು. ಎಚ್ಚತ್ತವಳಿಗೆ ಪ್ರಿಯನು ಇದ್ದಾನೆ, ಆಸೆಯೂ ಇದೆ. ಆದರೆ ಬಾನುಲಿಯ ಅಧಿಕಾರಿಗಳಿಗೆ ಈ ಭೇದವು ಬೇಕಾಗಿರಲಿಲ್ಲ. ರಸವು ಎಲ್ಲಿ ತಲುಪುವುದೆಂಬುದನ್ನು ಬಿಟ್ಟು, ಮೊದಲು ಕಿವಿಗೆ ಬೀಳುವ ವಿಭಾವವನ್ನೇ ಅವರು ತೀರ್ಪಿಗೆ ಆಧಾರವಾಗಿ ಹಿಡಿದರು.

ಇನ್ನೊಂದು ಮಾತು. ನಮ್ಮ ಶಾಸ್ತ್ರಕಾರರು ಹಾಡಿನ ನುಡಿಯ ಅಂಶವನ್ನು ‘ಮಾತು’ ಎಂದೂ ಸ್ವರದ ಅಂಶವನ್ನು ‘ಧಾತು’ ಎಂದೂ ಕರೆದಿದ್ದಾರೆ. ಎರಡನ್ನೂ ಬಲ್ಲವನೇ ವಾಗ್ಗೇಯಕಾರನು. ಲಂಡನ್ನಿನವರು ಮಾತನ್ನು ತಡೆದು ಧಾತುವನ್ನು ಬಿಟ್ಟರು. ಆದರೆ ಕೇಳುಗರಿಗೆ ಮಾತು ಆಗಲೇ ಕಂಠಗತವಾಗಿದ್ದಿತು. ಬರಿಯ ಸ್ವರವು ಕೇಳಿದಾಗ ಅವರ ಮನಸ್ಸು ನುಡಿಯನ್ನು ತಾನೇ ತುಂಬಿಕೊಂಡಿತೆಂದು ಎಣಿಸಲು ಯಾವ ಅಡ್ಡಿಯೂ ಇಲ್ಲ.

೫

ಈಗ ನಮ್ಮ ಸೀಮೆಗೆ ಬರಬಹುದು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅದೇ ವರ್ಷವೇ ಹೈದರಾಬಾದಿನ ಬಾನುಲಿ ಕೇಂದ್ರವು ನಿಜಾಮ ಸರಕಾರದ ವಶಕ್ಕೆ ಬಂದು ‘ದಖ್ಖನ್ ರೇಡಿಯೋ’ ಎಂದು ಹೆಸರಾಯಿತು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಹುಮನಾಬಾದಕ್ಕೂ, ಆಗ ನವಾಬರ ಜಹಗೀರಿಯಾಗಿದ್ದ ಕಲ್ಯಾಣಕ್ಕೂ ಇದೇ ರಾಜಧಾನಿಯ ಧ್ವನಿ. ಅದರಲ್ಲಿ ಉರ್ದುವಿಗೆ ಅಗ್ರಸ್ಥಾನವಿದ್ದಿತು. ೧೯೪೮ರ ಸಪ್ಟಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೦ರ ಏಪ್ರಿಲ್ ೧ರಂದು ಅದರ ಬಾನುಲಿಯು ಅಖಿಲ ಭಾರತ ರೇಡಿಯೋದೊಳಗೆ ಲೀನವಾಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ಕೇಂದ್ರವೂ ತೆರೆದಿದ್ದಿತು.

ಈ ದೊಡ್ಡ ಸಂಸ್ಥೆಯಲ್ಲಿ ತಡೆಗಳ ಒಂದು ಪರಂಪರೆಯು ಮೊದಲೇ ಬೆಳೆದುಬಂದಿದ್ದಿತು. ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ಪ್ರಸಾರದಿಂದ ದೂರಮಾಡಿದರು. ಆ ತಡೆಯು ೧೯೭೧ರವರೆಗೆ ಸಡಿಲಲಿಲ್ಲ. ಭಜನೆಯಿಂದ ಬಯಲಾಟದವರೆಗೆ ಈ ಪೆಟ್ಟಿಗೆಯನ್ನೇ ನೆಚ್ಚಿದ ನಮ್ಮ ನಾಡಿಗೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೪೬ರ ಮಧ್ಯಂತರ ಸರಕಾರದಲ್ಲಿ ಸರದಾರ ಪಟೇಲರು ಈ ಖಾತೆಯನ್ನು ವಹಿಸಿಕೊಂಡ ಮೇಲೆ, ಖಾಸಗಿ ಜೀವನವು ಲೋಕಾಪವಾದಕ್ಕೆ ಗುರಿಯಾದವರನ್ನು ಹಾಡಿಸಬಾರದೆಂಬ ನಿಯಮವು ಬಂದಿತು. ಠುಮರಿಯೆಂಬುದು ಮುಖ್ಯವಾಗಿ ವಿರಹದ ಗೀತ; ಅದನ್ನು ಶತಮಾನಕ್ಕೂ ಮೇಲ್ಪಟ್ಟು ಪೋಷಿಸಿದವರು ಈ ನಿಯಮವು ಗುರಿಯಿಟ್ಟ ವರ್ಗದ ಗಾಯಿಕೆಯರೇ. ಅಲ್ಲಿ ವಾದ್ಯವನ್ನು ನೋಡಿ ತಡೆದರು, ಇಲ್ಲಿ ಹಾಡುವವಳನ್ನು ನೋಡಿ ತಡೆದರು.

೧೯೫೨ರಲ್ಲಿ ಬಿ. ವಿ. ಕೇಸಕರರು ಈ ಖಾತೆಯ ಮಂತ್ರಿಗಳಾದರು. ೧೯೬೨ರವರೆಗೆ ಆ ಸ್ಥಾನದಲ್ಲಿದ್ದರು. ಶಾಸ್ತ್ರೀಯ ಸಂಗೀತದ ದೃಢವಾದ ಅಭಿಮಾನಿಗಳಾದ ಅವರಿಗೆ ಚಲಚ್ಚಿತ್ರಗೀತೆಯು ಕೀಳಾದ, ಪರದೇಶದ ಧಾಟಿಗಳೊಡನೆ ಬೆರಕೆಯಾದ ವಸ್ತುವಾಗಿ ತೋರಿತು. ಅಂಥ ಗೀತೆಗಳಿಗೆ ಪ್ರಸಾರದ ಕಾಲದಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಎಡೆ; ಅವನ್ನೂ ಸೋಸಿ ಆರಿಸಬೇಕು; ಚಿತ್ರದ ಹೆಸರನ್ನು ಹೇಳಿದರೆ ಜಾಹೀರಾತಾಗುವುದರಿಂದ ಅದನ್ನು ಹೇಳಕೂಡದು ಎಂದು ಗೊತ್ತುಮಾಡಲಾಯಿತು. ಚಿತ್ರನಿರ್ಮಾಪಕರು ಇದರಿಂದ ಕೆರಳಿ ತಮ್ಮ ಅನುಮತಿಯನ್ನು ಹಿಂತೆಗೆದುಕೊಂಡರು. ಕೆಲವೇ ತಿಂಗಳುಗಳಲ್ಲಿ ಚಲಚ್ಚಿತ್ರಗೀತೆಯು ದೇಶದ ಬಾನುಲಿಯಿಂದ ಮಾಯವಾಯಿತು.

ಕೇಸಕರರ ಆಕ್ಷೇಪವು ಶೋಕದ ಮೇಲೆ ಇರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಜಾತಿಯನ್ನೇ ತಡೆದಾಗ ಅದರೊಳಗಿನ ರಸವೂ ಹೋಗುತ್ತದೆ. ತಲತ್ ಮಹಮೂದರು ೧೯೩೯ರಲ್ಲಿ ಲಖನೌ ಬಾನುಲಿಯಲ್ಲಿಯೇ ಗಜಲು ಹಾಡಿ ಬೆಳಕಿಗೆ ಬಂದವರು. ಅವರ ನಡುಗುವ ಕಂಠವು ಭಗ್ನಹೃದಯದ ಗೀತೆಗಳಿಗೆ ಹೆಸರಾಯಿತು. ೧೯೫೨ರ ‘ದಾಗ್’ ಚಿತ್ರದಲ್ಲಿಯೂ ಅಂಥ ಗೀತೆಯಿದೆ. ಬಾನುಲಿಯೇ ಪರಿಚಯಿಸಿದ ಕಂಠವು ಚಿತ್ರಕ್ಕಾಗಿ ಹಾಡಿದೊಡನೆ ಬಾನುಲಿಗೆ ಅಯೋಗ್ಯವಾಯಿತು. ಅದೇ ವರ್ಷದ ‘ಬೈಜೂ ಬಾವರಾ’ದಲ್ಲಿ ನೌಷಾದರು ಮಾಲಕಂಸ, ದರಬಾರಿ ಮೊದಲಾದ ರಾಗಗಳಲ್ಲಿ ಹಾಡುಗಳನ್ನು ಕಟ್ಟಿದರು, ಉಸ್ತಾದ್ ಅಮೀರಖಾನರೂ ಡಿ. ವಿ. ಪಲುಸಕರರೂ ಅದರಲ್ಲಿ ಹಾಡಿದರು. ಧಾತುವು ಶುದ್ಧ, ಗಾಯಕರು ವಿದ್ವಾಂಸರು, ವಸ್ತುವು ವಿರಹ; ಆದರೂ ಮೂಲವು ಚಲಚ್ಚಿತ್ರವಾದುದರಿಂದ ಪ್ರವೇಶವಿಲ್ಲ.

ಪರಿಣಾಮವು ಎಲ್ಲರೂ ಬಲ್ಲುದೇ. ಯುದ್ಧಕಾಲದ ಸೇನೆಯ ಬಾನುಲಿಯಿಂದ ಪ್ರಬಲವಾದ ಪ್ರಸಾರಯಂತ್ರವನ್ನು ಪಡೆದಿದ್ದ ರೇಡಿಯೋ ಸಿಲೋನ್ ಕೊಲಂಬೋದಿಂದ ಹ್ರಸ್ವತರಂಗಗಳ ಮೇಲೆ ಇದೇ ಹಾಡುಗಳನ್ನು ಕಳಿಸಿತು. ೧೯೫೨ರ ಡಿಸೆಂಬರಿನಲ್ಲಿ ಅಮೀನ ಸಯಾನಿಯವರ ‘ಬಿನಾಕಾ ಗೀತಮಾಲಾ’ವು ಮೊದಲಾಯಿತು. ಹ್ರಸ್ವತರಂಗಕ್ಕೆ ಸೀಮೆಯ ಸುಂಕವಿಲ್ಲ. ಹೈದರಾಬಾದ ಧಾರವಾಡಗಳಿಂದ ದೂರವಿದ್ದ ಊರುಗಳಿಗೂ ಕೊಲಂಬೋ ತಲುಪುತ್ತಿದ್ದಿತು. ದಖನಿ ಉರ್ದುವನ್ನು ಸಂತೆಯ ಮಾತಾಗಿ ಬಲ್ಲ ಬೀದರ ಸೀಮೆಯ ಕೇಳುಗನಿಗೆ ಆ ಹಾಡುಗಳ ನುಡಿಯು ಅರ್ಥವಾಗದ್ದಲ್ಲ. ದೇಶದ ಬಾನುಲಿಯು ಕೊಡದ ವಿರಹವನ್ನು ಪರದೇಶದ ಬಾನುಲಿಯು ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನ ಜೊತೆಗೆ ಕೊಟ್ಟಿತು. ಕೊನೆಗೆ ೧೯೫೭ರ ಅಕ್ಟೋಬರ್ ೩ರಂದು ‘ವಿವಿಧ ಭಾರತಿ’ಯು ಹುಟ್ಟಿ, ಚಲಚ್ಚಿತ್ರಗೀತೆಯು ಮರಳಿ ಒಳಗೆ ಬಂದಿತು. ಅಷ್ಟರೊಳಗೆ, ೧೯೫೬ರ ನವಂಬರ್ ೧ರಂದು, ಕಲ್ಯಾಣ ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಈ ಭಾಗಕ್ಕೆ ಹತ್ತಿರದ ಕನ್ನಡ ಕೇಂದ್ರವಾದ ಗುಲಬರ್ಗಾದ ಆಕಾಶವಾಣಿಯು ೧೯೬೬ರಲ್ಲಿ ಆರಂಭವಾಯಿತು.

೬

ಮೇಲೆ ಹೇಳಿದ ನಿಷೇಧಗಳಿಂದ ಒಳ್ಳೆಯದೇನೂ ಆಗಲಿಲ್ಲವೆಂದು ಹೇಳಿದರೆ ಅದು ಪಕ್ಷಪಾತವಾದೀತು. ಸಂಸ್ಥಾನಗಳು ಅಳಿದು ಆಶ್ರಯವು ಕಳೆದ ಕಾಲದಲ್ಲಿ ಶಾಸ್ತ್ರೀಯ ಗಾಯಕರಿಗೆ ಅನ್ನವಿಕ್ಕಿದುದು ಬಾನುಲಿಯೇ. ೧೯೫೨ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವು ದೊಡ್ಡ ವಿದ್ವಾಂಸರ ಗಾಯನವನ್ನು ಸಣ್ಣ ಊರುಗಳಿಗೆ ಮುಟ್ಟಿಸಿತು. ಚಲಚ್ಚಿತ್ರಗೀತೆಯ ತೆರವನ್ನು ತುಂಬಲು ಬಾನುಲಿಯು ಸುಗಮ ಸಂಗೀತವನ್ನು ಬೆಳೆಸಿತು. ಕನ್ನಡ ಕವಿಗಳ ಭಾವಗೀತೆಯು ಅದರಿಂದ ಮನೆಮನೆಯನ್ನು ಸೇರಿತು. ಬೇಂದ್ರೆಯವರು ೧೯೫೬ರಿಂದ ಧಾರವಾಡ ಕೇಂದ್ರದ ಸಲಹೆಗಾರರಾಗಿದ್ದುದು, ಮಲ್ಲಿಕಾರ್ಜುನ ಮನಸೂರರು ವಚನಗಳಿಗೆ ಹಿಂದೂಸ್ತಾನಿ ರಾಗದ ಜೀವ ಕೊಟ್ಟುದು ಈ ಯುಗದ ಸತ್ಫಲಗಳು.

ಆದರೆ ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳು ಕಾಣುತ್ತದೆ. ಅಕ್ಕನ ವಿರಹವು ಬಾನುಲಿಗೆ ಯೋಗ್ಯವಾಯಿತು. ಹೆಸರಿಲ್ಲದ ಒಬ್ಬಳು ಮನುಷ್ಯಮಾತ್ರನಾದ ಪ್ರಿಯನಿಗಾಗಿ ಅತ್ತ ವಿರಹವು ಚಿತ್ರದ ಹಾಡಾದಾಗ ಅಯೋಗ್ಯವಾಯಿತು. ವಿಭಾವಾನುಭಾವಗಳನ್ನು ನೋಡಿದರೆ ಎರಡರ ಭಾಷೆಯೂ ಒಂದೇ: ನಿದ್ರೆಯಿಲ್ಲದಿರುವುದು, ದಾರಿ ಕಾಯುವುದು, ಹಕ್ಕಿಯನ್ನು ಕೇಳುವುದು, ಲೋಕವನ್ನು ಮರೆಯುವುದು. ಬೇರೆಯಾದುದು ಆಲಂಬನವೂ ಹಾಡಿನ ಹುಟ್ಟಿದೂರೂ ಮಾತ್ರ. ಹೀಗಿರಲು, ನಿಷೇಧವು ಶೋಕವನ್ನು ಅಳೆದುದಲ್ಲ. ಅದು ಯಾರ ಬಾಯಲ್ಲಿ, ಯಾರ ಸಲುವಾಗಿ, ಯಾವ ಅಂಗಡಿಯಿಂದ ಬಂದಿತೆಂಬುದನ್ನು ಅಳೆಯಿತು. ಬಿಬಿಸಿಯು ಮಾತನ್ನು ನೋಡಿತು, ನಮ್ಮವರು ವಾದ್ಯವನ್ನೂ ಹಾಡುವವಳನ್ನೂ ಮೂಲವನ್ನೂ ನೋಡಿದರು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ಸರಕಾರದೊಡನೆ ಸಹಕರಿಸಲಿಲ್ಲವೆಂದು ಕಿಶೋರಕುಮಾರರ ಹಾಡುಗಳನ್ನೆಲ್ಲ ತಡೆದಾಗ, ಗಾಯಕನ ನಡತೆಯೇ ಕಾರಣವಾಯಿತು. ಇವುಗಳಲ್ಲಿ ಒಂದರಲ್ಲಿಯೂ ಹಾಡನ್ನು ಹಾಡಾಗಿ, ಎಂದರೆ ಮಾತು ಧಾತುಗಳು ಕೂಡಿ ರಸವಾದ ವಸ್ತುವಾಗಿ, ಪರೀಕ್ಷಿಸಲಿಲ್ಲ.

ಸೋಮೇಶ್ವರನ ಕ್ರಮವು ಇದಕ್ಕಿಂತ ಭಿನ್ನವಾಗಿದೆ. ಅವನು ಕೇಳಿದ ಪ್ರಶ್ನೆಯು ಈ ಹಾಡು ಇರಬೇಕೆ ಬೇಡವೆ ಎಂಬುದಲ್ಲ; ಇದು ಎಲ್ಲಿ ಸಲ್ಲುತ್ತದೆ ಎಂಬುದು. ಯುದ್ಧದ ಮುಂಜಾವಿನಲ್ಲಿ ಮರಣದ ಹಾಡು ಸಲ್ಲದಿರಬಹುದು. ಅಷ್ಟನ್ನು ಲಂಡನ್ನಿನವರಿಗೆ ಬಿಟ್ಟುಕೊಡೋಣ. ಆದರೆ ಯುದ್ಧವು ಮುಗಿದು ಅರ್ಧ ಶತಮಾನವು ಕಳೆದರೂ ಆ ಹಾಡಿಗೆ ಎಡೆಯನ್ನು ಹುಡುಕದೆ ಇದ್ದುದು ಸ್ಥಾನನಿರ್ದೇಶವಲ್ಲ, ಬರಿಯ ಮರೆವು. ನಿಷೇಧಕ್ಕೆ ಕಾಲದ ಮೇರೆಯನ್ನು ಹಾಕುವುದು ಸುಲಭವಾಗಿ ಮರೆತುಹೋಗುತ್ತದೆ. ಎಡೆಯನ್ನು ಗೊತ್ತುಮಾಡಿದವನು ಮಾತ್ರ ಹೊತ್ತನ್ನೂ ಗೊತ್ತುಮಾಡಲೇಬೇಕಾಗುತ್ತದೆ.

೭

ಈ ವಿಚಾರದಿಂದ ಅಧ್ಯಾಪಕರಿಗೂ ಸಂಶೋಧಕರಿಗೂ ಎರಡು ಕೆಲಸಗಳು ಕಾಣುತ್ತವೆ. ತರಗತಿಯಲ್ಲಿ ವಿಪ್ರಲಂಭವನ್ನು ಪಾಠ ಹೇಳುವಾಗ ನಾವು ಅಕ್ಕನ ವಚನವನ್ನೂ ಚಂಪೂಕಾವ್ಯದ ವಿರಹವರ್ಣನೆಯನ್ನೂ ಎತ್ತಿಕೊಳ್ಳುತ್ತೇವೆ. ಬೀಸುವ ಕಲ್ಲಿನ ಪದ, ಠುಮರಿ, ಗಜಲು, ಚಲಚ್ಚಿತ್ರಗೀತೆಗಳನ್ನು ಅದೇ ಲಕ್ಷಣಗಳಿಂದ ಪರೀಕ್ಷಿಸುವುದಿಲ್ಲ. ಬಾನುಲಿಯ ಸಮಿತಿಯು ೧೯೫೨ರಲ್ಲಿ ಹಿಡಿದ ಸೋಸುಜರಡಿಯನ್ನು ನಮ್ಮ ಪಠ್ಯಕ್ರಮವು ಇಂದಿಗೂ ಕೈಬಿಟ್ಟಿಲ್ಲ. ಒಳ್ಳೆಯ ಹಾಡನ್ನೂ ಕೆಟ್ಟ ಹಾಡನ್ನೂ ಬೇರ್ಪಡಿಸಬೇಕಾದುದು ನಿಜ. ಆದರೆ ಆ ಬೇರ್ಪಡೆಯು ರಸದ ಪರೀಕ್ಷೆಯಿಂದ ಆಗಬೇಕೇ ಹೊರತು ಹುಟ್ಟಿನ ಪರೀಕ್ಷೆಯಿಂದಲ್ಲ.

ಎರಡನೆಯದು ಸಂಗ್ರಹದ ಕೆಲಸ. ಮಾಣಿಕನಗರದಲ್ಲಿ ದತ್ತಜಯಂತಿಯ ಕಾಲಕ್ಕೆ ಸೇರುವ ಗಾಯಕರೂ, ಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ರಿವಾಯತ ಹಾಡುವವರೂ, ತ್ರಿಪದಿಯನ್ನು ಇನ್ನೂ ನೆನಪಿನಲ್ಲಿಟ್ಟುಕೊಂಡಿರುವ ಮುದುಕಿಯರೂ ಒಂದೇ ನಾಡಿನವರು. ಬೀಸುವ ಕಲ್ಲಿನ ಕೆಲಸವು ಹಿಟ್ಟಿನ ಗಿರಣಿಗೆ ಹೋಗಿ ಬಹುಕಾಲವಾಯಿತು. ಆದುದರಿಂದ ಸೋಮೇಶ್ವರನು ತ್ರಿಪದಿಗೆ ಕೊಟ್ಟ ಎರಡು ಎಡೆಗಳಲ್ಲಿ ಒಂದು ಈಗ ಇಲ್ಲ. ಉಳಿದ ವಿಪ್ರಲಂಭದ ಎಡೆಯಲ್ಲಿ ಈ ಸೀಮೆಯ ಜನರು ಯಾವ ಯಾವ ಭಾಷೆಯ ಹಾಡುಗಳನ್ನು ಇಟ್ಟುಕೊಂಡಿದ್ದಾರೆ, ಬಾನುಲಿಯಿಂದ ಬಂದುವೆಷ್ಟು, ಅಜ್ಜಿಯಿಂದ ಬಂದುವೆಷ್ಟು ಎಂಬುದನ್ನು ಹಾಡುವವರು ಇರುವಾಗಲೇ ಬರೆದುಕೊಳ್ಳಬೇಕು. ಆ ಲೆಕ್ಕವು ಸಿದ್ಧವಾದಾಗ ಗೀತವಿನೋದದ ಅಧ್ಯಾಯಕ್ಕೆ ಕಲ್ಯಾಣದವರೇ ಬರೆದ ಒಂದು ಅನುಬಂಧವು ದೊರೆತಂತಾಗುವುದು.